ನಾಲ್ಕನೇ ಮ್ಯಾನೇಜರ್ ಬಂದಿದ್ದಾರೆ, ಕೇಳುಗರು ಹೋಗ್ತಿದ್ದಾರೆ: ಸಣ್ಣ ಎಫ್‌ಎಂ ಸ್ಟೇಷನ್ ಉಳಿಸೋದು ಹೇಗೆ?

ಬೆಳಗಿನಪಾಳಿ

ಎಲ್ಲರಿಗೂ ನಮಸ್ಕಾರ. ಸ್ಟೇಷನ್ ಹೆಸರು ಹೇಳಲ್ಲ, ನಾನಿನ್ನೂ ಅಲ್ಲೇ ಕೆಲಸ ಮಾಡ್ತಿದ್ದೀನಿ. ಸಣ್ಣ ಸ್ಥಳೀಯ ಎಫ್‌ಎಂ. ಬೆಳಿಗ್ಗೆ ಆರರಿಂದ ಹತ್ತರವರೆಗಿನ ಪಾಳಿ ನನ್ನದು, ಏಳು ವರ್ಷ ಆಯ್ತು.

ವಿಷಯ ಇಷ್ಟೇ: ಕೇಳುಗರು ಕರಗ್ತಿದ್ದಾರೆ. ಮುಂಚೆ ಒಂದು ಪ್ರಶ್ನೆ ಕೇಳಿದ್ರೆ ಮುಂದಿನ ಹಾಡು ಮುಗಿಯೋದರೊಳಗೆ ಫೋನಿನ ನಾಲ್ಕೂ ಲೈನ್ ಮಿನುಗ್ತಿತ್ತು. ಈಗ ಅದೇ ಮೂರು ಜನ ಖಾಯಂ ಗಿರಾಕಿಗಳು. ಅವರಲ್ಲೊಬ್ಬರು ನಮ್ಮ ಹಳೇ ಉದ್ಘೋಷಕರ ಅಕ್ಕ.

ನಾಲ್ಕು ವರ್ಷದಲ್ಲಿ ಮೂರು ಮ್ಯಾನೇಜರ್ ಬಂದು ಹೋದ್ರು. ಮೊದಲನೆಯವರು ‘ಹಳೇ ಹಾಡು ಹಾಕಿ’ ಅಂದ್ರು. ಎರಡನೆಯವರು ‘ಹೊಸದು ಮಾತ್ರ’ ಅಂದ್ರು. ಮೂರನೆಯವರು ‘ಮಾತು ಜಾಸ್ತಿ ಮಾಡಿ’ ಅಂದ್ರು. ಪ್ರತಿ ಸಲ ಜಿಂಗಲ್ ಬದಲಾಯ್ತು, ಗೋಡೆ ಬಣ್ಣ ಬದಲಾಯ್ತು. ಈಗ ನಾಲ್ಕನೆಯವರು. ಕೆಟ್ಟವರಲ್ಲ, ಚುರುಕು ಮನುಷ್ಯ, ಆದರೆ ರೇಡಿಯೊದಿಂದ ಬಂದವರಲ್ಲ. ಅವರ ಪ್ರಕಾರ ದಿನವಿಡೀ ಹಿಟ್ ಹಾಡು, ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಕಂಪ್ಯೂಟರ್, ಸಂಜೆಯ ಫೋನ್-ಇನ್ ಬಂದ್, ಭಾನುವಾರದ ಕಥಾವಾಚನ ಬಂದ್. ಆರು ಜನ ಇರೋ ಕಡೆ ಮೂರು ಜನ ಸಾಕು.

ಎರಡು ತಿಂಗಳಲ್ಲಿ ಟ್ರಸ್ಟಿಗಳ ಸಭೆ ಇದೆ. ಸಿಬ್ಬಂದಿ ಕಡೆಯಿಂದಲೂ ಒಂದು ಪ್ರಸ್ತಾವ ಕೊಡಿ ಅಂತ ಅವರೇ ಹೇಳಿದ್ದಾರೆ. ಅದನ್ನ ಬರೆಯೋ ಹೊಣೆ ನನ್ನ ತಲೆಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ?

ತಂತಿಕಂಬ

ಪ್ರಸ್ತಾವ ಆಮೇಲೆ ಬರೀರಿ. ಮೊದಲು ಒಂದು ಸಾಧಾರಣ ರೇಡಿಯೊ ತಗೊಂಡು ನಿಮ್ಮ ಪ್ರಸಾರ ಎಲ್ಲಿವರೆಗೆ ಹೋಗಬೇಕೋ ಅಲ್ಲಿವರೆಗೆ ನಾಲ್ಕೂ ದಿಕ್ಕಿಗೆ ಹೋಗಿ ಬನ್ನಿ. ಸ್ಟುಡಿಯೊ ಮಾನಿಟರ್‌ನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ಇಪ್ಪತ್ತೆರಡು ವರ್ಷ ಟ್ರಾನ್ಸ್‌ಮಿಟರ್ ಕಾಯ್ದವನು ನಾನು. ‘ಕೇಳುಗರು ಕಡಿಮೆಯಾದ್ರು’ ಅಂತ ಕರೆದ ಸ್ಟೇಷನ್‌ಗಳಲ್ಲಿ ಅರ್ಧಕ್ಕರ್ಧ ಕಡೆ ಕಡಿಮೆಯಾಗಿದ್ದು ಸಿಗ್ನಲ್. ಕೇಬಲ್ ಕನೆಕ್ಟರ್‌ಗೆ ನೀರಿಳಿದಿರುತ್ತೆ. ಪ್ರತಿಫಲಿತ ಪವರ್, ಅಂದ್ರೆ ಆಂಟೆನಾದಿಂದ ಹೊರಗೆ ಹೋಗದೆ ವಾಪಸ್ ಬರೋ ಪವರ್, ಏರುತ್ತೆ. ಟ್ರಾನ್ಸ್‌ಮಿಟರ್ ತನ್ನನ್ನ ತಾನು ಕಾಪಾಡಿಕೊಳ್ಳೋಕೆ ಔಟ್‌ಪುಟ್ ತಾನಾಗೇ ಇಳಿಸಿಕೊಳ್ಳುತ್ತೆ. ಒಳಗೆ ಕೂತವರಿಗೆ ಗೊತ್ತೇ ಆಗಲ್ಲ, ಯಾಕಂದ್ರೆ ಪ್ರಸಾರ ನಿಂತಿಲ್ಲವಲ್ಲ.

ನಿಮ್ಮಲ್ಲಿ ಮೀಟರ್ ರೀಡಿಂಗ್ ಬರೆದಿಡೋ ಪುಸ್ತಕ ಇದೆಯಾ? ಕೊನೇ ಬಾರಿ ಯಾರು ಯಾವಾಗ ಬರೆದಿದ್ದಾರೆ ನೋಡಿ ಹೇಳಿ.

ಪಟ್ಟಿಬಿಗಿ

ತಂತಿಕಂಬ ಸರ್ ಹೇಳಿದ್ದು ಸರಿ, ಆದರೆ ಹೊಸ ಮ್ಯಾನೇಜರ್ ಹೇಳ್ತಿರೋದನ್ನ ಕೂಡಲೇ ತಳ್ಳಿಹಾಕಬೇಡಿ. ನಾನು ಮ್ಯೂಸಿಕ್ ಶೆಡ್ಯೂಲಿಂಗ್ ಮಾಡೋನು, ಹಾಗಾಗಿ ಪಕ್ಷಪಾತ ಇದೆ ಅಂತಲೇ ಅಂದುಕೊಳ್ಳಿ.

ಸೋತ ಸ್ಟೇಷನ್‌ಗಳು ಫಾರ್ಮ್ಯಾಟ್ (ಯಾವ ಥರದ ಹಾಡು, ಎಷ್ಟು ಮಾತು ಅನ್ನೋ ಒಟ್ಟು ಸ್ವರೂಪ) ಬದಲಿಸಿ ಗೆದ್ದದ್ದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ಉದಾಹರಣೆ ಇದೆ. ಟೆಲಿವಿಷನ್ ಬಂದು ರೇಡಿಯೊ ಕಥೆ ಮುಗೀತು ಅಂತ ಎಲ್ಲರೂ ಅಂದುಕೊಂಡಿದ್ದ ಹೊತ್ತಲ್ಲಿ, ಅಮೆರಿಕದ ಒಮಾಹಾದಲ್ಲಿ ಟಾಡ್ ಸ್ಟಾರ್ಜ್ ಮತ್ತು ಅವರ ತಂದೆ 1949ರಲ್ಲಿ ಕೆಒಡಬ್ಲ್ಯುಎಚ್ ಅನ್ನೋ ಸ್ಟೇಷನ್ ಕೊಂಡರು. 500 ವ್ಯಾಟ್, ಅದೂ ಹಗಲು ಮಾತ್ರ. ಜನಕ್ಕೆ ಬೇಕಾದ ಹಾಡನ್ನ ಮತ್ತೆ ಮತ್ತೆ ಹಾಕಿ ಊರಿನ ಮೊದಲ ಸ್ಥಾನಕ್ಕೆ ತಂದರು. 1965ರಲ್ಲಿ ಲಾಸ್ ಏಂಜಲೀಸ್‌ನ ಕೆಎಚ್‌ಜೆ ಸ್ಟೇಷನ್‌ನಲ್ಲಿ ಕಾರ್ಯಕ್ರಮ ಸಲಹೆಗಾರ ಬಿಲ್ ಡ್ರೇಕ್ ಹಾಡಿನ ಪಟ್ಟಿ ಬಿಗಿ ಮಾಡಿ, ಉದ್ಘೋಷಕರ ಹರಟೆಗೆ ಕತ್ತರಿ ಹಾಕಿ, ಜಿಂಗಲ್‌ಗಳನ್ನ ಗಿಡ್ಡ ಮಾಡಿದರು. ಆ ಸ್ಟೇಷನ್ ಕೆಲವೇ ತಿಂಗಳಲ್ಲಿ ಮೇಲೆ ಬಂತು. 1983ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಝಡ್100 ಕಟ್ಟಕಡೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ಬರೋಕೆ ತಗೊಂಡಿದ್ದು 74 ದಿನ.

ಇನ್ನೊಂದು ಮಾತು. ಉದ್ಘೋಷಕರಿಗೆ ಹಾಡು ಬೇಸರ ಬರೋದು ಬೇಗ. ನೀವು ದಿನಕ್ಕೆ ನಾಲ್ಕು ಗಂಟೆ ಅದೇ ಪಟ್ಟಿ ಮುಂದೆ ಕೂರ್ತೀರಿ. ಕೇಳುಗ ಅರ್ಧ ಗಂಟೆ ಕೇಳಿ ರೇಡಿಯೊ ಆರಿಸ್ತಾನೆ. ನಿಮಗೆ ಹಳಸಿದ ಹಾಡು ಅವನಿಗೆ ಆಗಷ್ಟೇ ಬಾಯಿಗೆ ಹತ್ತಿರುತ್ತೆ.

ಹಳೇಮೈಕು

ಪಟ್ಟಿಬಿಗಿಯವರೇ, ಝಡ್100 ಕಥೆಯಲ್ಲಿ ಒಂದು ಮುಖ್ಯ ಭಾಗ ಬಿಟ್ಟುಬಿಟ್ಟಿರಿ. ಅಲ್ಲಿ ಕಾರ್ಯಕ್ರಮ ನಿರ್ದೇಶಕರಾಗಿದ್ದವರು ಸ್ಕಾಟ್ ಶಾನನ್. ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದವರೂ ಅವರೇ. ಅಂದರೆ, ಏನು ಪ್ರಸಾರವಾಗಬೇಕು ಎಂದು ತೀರ್ಮಾನಿಸುವವನೇ ಮೈಕಿನ ಮುಂದೆ ಕೂತು ಕೇಳುಗರ ಬೈಗುಳವನ್ನೂ ತಿನ್ನುತ್ತಿದ್ದ. ಗೆಲುವನ್ನೆಲ್ಲ ಹಾಡಿನ ಪಟ್ಟಿಯ ಖಾತೆಗೆ ಜಮಾ ಮಾಡುವುದು ಅನ್ಯಾಯ.

ಫಾರ್ಮ್ಯಾಟ್ ಬದಲಿಸಿ ಕೈಸುಟ್ಟುಕೊಂಡ ಕಥೆಯೂ ಅದೇ ಊರಿನದು. ಡಬ್ಲ್ಯುಸಿಬಿಎಸ್-ಎಫ್‌ಎಂ ದಶಕಗಳಿಂದ ಹಳೆಯ ಹಾಡುಗಳಿಗೆ ಹೆಸರಾಗಿತ್ತು. 2005ರ ಜೂನ್ 3ರಂದು ಒಂದೇ ಏಟಿಗೆ ಅದನ್ನು ‘ಜ್ಯಾಕ್’ ಎಂಬ ಉದ್ಘೋಷಕರಿಲ್ಲದ ಫಾರ್ಮ್ಯಾಟಿಗೆ ತಿರುಗಿಸಿದರು. ದಶಕಗಳಿಂದ ಮನೆಮಾತಾಗಿದ್ದ ದನಿಗಳು ಬೀಳ್ಕೊಡುಗೆಯೂ ಇಲ್ಲದೆ ಮಾಯವಾದವು. ಕೇಳುಗರು ಕಿಡಿಕಾರಿದರು, ಸ್ಥಾನ ಕುಸಿಯಿತು. 2007ರ ಜುಲೈ 12ರಂದು ಹಳೆಯ ಹಾಡು, ಹಳೆಯ ಹೆಸರು ಎರಡನ್ನೂ ವಾಪಸ್ಸು ತಂದರು.

ನಮ್ಮಲ್ಲೇ ನೋಡಿ. 1952ರ ಹೊತ್ತಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ನಿಂತೇಹೋಯಿತು. ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿ ತಿದ್ದುವ ಹಂಬಲ. ಜನ ಅಭಿರುಚಿ ತಿದ್ದಿಕೊಳ್ಳುವ ಬದಲು ರೇಡಿಯೊ ಮುಳ್ಳನ್ನು ಸಿಲೋನ್ ಕಡೆ ತಿರುಗಿಸಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಗಿ ಮನೆಮನೆ ಮುಟ್ಟಿತು. ಆಕಾಶವಾಣಿ ಕೊನೆಗೆ ಮಾಡಿದ್ದೇನು? 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಎಂಬ ಬೇರೆಯದೇ ಸೇವೆ ತೆರೆಯಿತು. ಅದರ ಹೊಣೆಯನ್ನು ಕವಿ ನರೇಂದ್ರ ಶರ್ಮಾ ಅವರಿಗೆ ಒಪ್ಪಿಸಿತು. ಹಳೆಯದನ್ನು ಕೆಡವಲಿಲ್ಲ. ಜನಕ್ಕೆ ಬೇಕಾದ್ದನ್ನು ಕೊಡಲು ಜಾಗ ಬೇರೆ ಮಾಡಿತು, ಆ ಜಾಗಕ್ಕೆ ತಕ್ಕ ಮನುಷ್ಯನನ್ನು ತಂದಿತು. ಜಾಹೀರಾತು ಬಂದದ್ದು 1967ರಲ್ಲಿ, ಕೇಳುಗರು ಕೂಡಿಕೊಂಡು ಹತ್ತು ವರ್ಷವಾದ ಮೇಲೆ.

ನಿಮಗೆ ಎರಡನೇ ಚಾನೆಲ್ ತೆರೆಯಲು ಆಗದು. ಆದರೆ ಒಂದು ದಿನದೊಳಗೆ ಬೇರೆ ಬೇರೆ ಜಾಗ ಮಾಡಬಹುದು. ಬೆಳಗಿನ ನಾಲ್ಕು ಗಂಟೆಗೆ ಒಂದು ಗುಣ, ಹಗಲಿಗೆ ಒಂದು, ಸಂಜೆಗೆ ಒಂದು. ನಿಮ್ಮಲ್ಲಿ ಈ ಕ್ಷಣ ಗಂಟೆಯ ಗಡಿಯಾರ, ಅಂದರೆ ಒಂದು ಗಂಟೆಯ ಯಾವ ನಿಮಿಷಕ್ಕೆ ಹಾಡು, ಮಾತು, ಜಾಹೀರಾತು ಎಂದು ತೋರಿಸುವ ನಕ್ಷೆ, ಇದೆಯೇ? ಇದ್ದರೆ ಅದನ್ನು ಯಾರಾದರೂ ಪಾಲಿಸುತ್ತಾರೆಯೇ?

ಬೆಳಗಿನಪಾಳಿ

ಹಳೇಮೈಕು ಸರ್, ಗಡಿಯಾರ ಇದೆ. ಮೊದಲನೇ ಮ್ಯಾನೇಜರ್ ಕಾಲದಲ್ಲಿ ದುಂಡಗೆ ಬರೆದು ಗೋಡೆಗೆ ಅಂಟಿಸಿದ್ದು. ಬಣ್ಣ ಹೊಡೆಯುವಾಗ ತೆಗೆದ್ರು, ಮತ್ತೆ ಅಂಟಿಸಲಿಲ್ಲ. ಈಗ ಜಾಹೀರಾತು ಬಂದ ಹಾಗೆ ನುಗ್ಗಿಸ್ತೀವಿ. ನಿಜ ಹೇಳಬೇಕಂದ್ರೆ ಹವಾಮಾನ ಕೂಡ ನನಗೆ ನೆನಪಾದಾಗ ಓದ್ತೀನಿ.

ತಂತಿಕಂಬ ಸರ್, ಮೀಟರ್ ಪುಸ್ತಕ ಸಿಕ್ತು. ಕೊನೇ ರೀಡಿಂಗ್ ಬರೆದು ಹದಿನಾಲ್ಕು ತಿಂಗಳಾಗಿದೆ.

ತಂತಿಕಂಬ

ಅಂದ್ಕೊಂಡೆ.

ಮಧ್ಯಾಹ್ನದಕೇಳುಗಿ

ನಾನು ರೇಡಿಯೊ ಕೆಲಸದವಳಲ್ಲ, ಬರೀ ಕೇಳುವವಳು. ಹೊಲಿಗೆ ಮಾಡ್ತೀನಿ, ಕೈ ಎರಡೂ ಕೆಲಸದಲ್ಲಿರುತ್ತೆ, ಕಿವಿ ಖಾಲಿ. ನಮ್ಮ ಕಡೆಯ ಸಣ್ಣ ಸ್ಟೇಷನ್ ಒಂದನ್ನ ಎಂಟು ವರ್ಷ ಕೇಳಿ ಬಿಟ್ಟೆ. ಯಾಕೆ ಬಿಟ್ಟೆ ಅಂತ ಹೇಳ್ತೀನಿ, ಉಪಯೋಗ ಆಗಬಹುದು.

ಹಾಡಿಗೋಸ್ಕರ ಬಿಡಲಿಲ್ಲ. ಹಾಡು ಫೋನಲ್ಲೇ ಇದೆ. ನಾನು ಕಾಯ್ತಿದ್ದ ಒಂದು ಕಾರ್ಯಕ್ರಮ ಎರಡೂವರೆಗೆ ಬರ್ತಿತ್ತು. ಅದನ್ನ ಮೂರಕ್ಕೆ ಹಾಕಿದ್ರು. ಆಮೇಲೆ ಮಂಗಳವಾರ ಮಾತ್ರ ಅಂದ್ರು. ಒಂದಿನ ರೇಡಿಯೊ ಹಾಕಿದಾಗ ಅದು ಇರಲೇ ಇಲ್ಲ. ಯಾರೂ ‘ಇವತ್ತಿಂದ ಇಲ್ಲ’ ಅಂತ ಕೂಡ ಹೇಳಲಿಲ್ಲ. ನಡೆಸ್ತಿದ್ದ ಹುಡುಗಿ ಎಲ್ಲಿಗೆ ಹೋದಳೋ, ಹುಷಾರಾಗಿದ್ದಾಳೋ ಇಲ್ಲವೋ ಅಂತ ವಾರಗಟ್ಟಲೆ ಯೋಚನೆ ಆಗಿತ್ತು ನನಗೆ.

ಪಟ್ಟಿಬಿಗಿ ಅವರೇ, ಅರ್ಧ ಗಂಟೆ ಕೇಳಿ ಆರಿಸೋರು ಇರಬಹುದು. ನನ್ನ ಥರ ಎಂಟು ಗಂಟೆ ಹಾಕಿಟ್ಟುಕೊಂಡಿರೋರೂ ಇದ್ದೀವಿ. ಒಂದೇ ಹಾಡು ಬೆಳಗಿಂದ ಸಂಜೆಗೆ ಮೂರು ಸಲ ಬಂದ್ರೆ ತಲೆ ಚಿಟ್ಟು ಹಿಡಿಯುತ್ತೆ.

ಪಟ್ಟಿಬಿಗಿ

ಅಕ್ಕಾ, ಒಪ್ಪಿದೆ. ಲೆಕ್ಕ ಹಾಕಿದ್ರೂ ಅದೇ ಬರುತ್ತೆ. 30 ಹಾಡಿನ ಪಟ್ಟಿ, ಗಂಟೆಗೆ 12 ಹಾಡು ಅಂದ್ರೆ ಪ್ರತಿ ಹಾಡು ಎರಡೂವರೆ ಗಂಟೆಗೊಮ್ಮೆ ತಿರುಗಿ ಬರುತ್ತೆ. ಎಂಟು ಗಂಟೇಲಿ ಮೂರು ಸಲ. ಹತ್ತಾರು ಸ್ಟೇಷನ್ ಇರೋ ದೊಡ್ಡ ನಗರದಲ್ಲಿ, ಕಾರಿನಲ್ಲಿ ಚೂರು ಹೊತ್ತು ಕೇಳುವವರಿಗೆ ಅದು ನಡೆಯುತ್ತೆ. ಕೆಲಸದ ಜಾಗದಲ್ಲಿ ದಿನವಿಡೀ ಹಾಕಿಟ್ಟಿರೋ ಊರಿನ ಸ್ಟೇಷನ್‌ಗೆ ಅದನ್ನ ಹಾಗೇ ತಂದು ಹಚ್ಚೋಕಾಗಲ್ಲ. ಈ ಮಾತು ನಾನು ಮೊದಲೇ ಹೇಳಬೇಕಿತ್ತು.

ಬೆಳಗಿನಪಾಳಿ, ಶೆಡ್ಯೂಲ್ ಮಾಡೋರಿಗೆ ಒಂದು ಗುಟ್ಟು ಹೇಳಿ. ಪಟ್ಟಿಯಲ್ಲಿ ಎಷ್ಟು ಹಾಡಿದೆ ಅನ್ನೋದಕ್ಕಿಂತ ಆ ಸಂಖ್ಯೆ ದಿನಕ್ಕೆ ಸಮವಾಗಿ ಕೂರುತ್ತಾ ಅನ್ನೋದು ಮುಖ್ಯ. ಗಂಟೆಗೆ 12ರಂತೆ 288 ಹಾಡು ಇಟ್ಟರೆ ಸರಿಯಾಗಿ 24 ಗಂಟೆಗೆ ಒಂದು ಸುತ್ತು. ಅಂದ್ರೆ ಬೆಳಿಗ್ಗೆ ಏಳಕ್ಕೆ ಬಂದ ಹಾಡು ನಾಳೆಯೂ ಏಳಕ್ಕೇ, ನಾಡಿದ್ದೂ ಏಳಕ್ಕೇ. ‘ಇವರ ಹತ್ರ ಹತ್ತೇ ಹಾಡಿದೆ’ ಅಂತ ಜನ ಬೈಯೋದು ಇದರಿಂದ. ಅದೇ 300 ಮಾಡಿ, ಸುತ್ತು 25 ಗಂಟೆಯಾಗುತ್ತೆ. ಹಾಡು ದಿನಕ್ಕೊಂದು ಗಂಟೆ ಮುಂದೆ ಜಾರುತ್ತೆ. ಬರೀ ಹನ್ನೆರಡು ಹಾಡು ಸೇರಿಸಿದ್ದಕ್ಕೆ ಲೈಬ್ರರಿ ಎರಡು ಪಟ್ಟು ಆದ ಹಾಗೆ ಕೇಳಿಸುತ್ತೆ. ಸಾಫ್ಟ್‌ವೇರ್ ಇದೆ ಅಂತ ನಂಬಿ ಕೂತವರೇ ಇಲ್ಲಿ ಎಡವೋದು.

ಸ್ಪಾಟ್‌ಮಾರುವವ

ಜಾಹೀರಾತು ಕಡೆಯಿಂದ ನಾನೂ ಒಂದು ಮಾತು ಹಾಕ್ತೀನಿ, ಯಾಕಂದ್ರೆ ಸಂಬಳ ಬರೋದು ನಮ್ಮಿಂದ. (ಉದ್ಘೋಷಕರು ಇದನ್ನ ಮರೀತಾರೆ, ನಾವು ನೆನಪಿಸ್ತಾ ಇರ್ತೀವಿ.)

ಸ್ಟೇಷನ್ ಸೊರಗಿದಾಗ ಮ್ಯಾನೇಜರ್‌ಗಳು ಮಾಡೋ ಮೊದಲ ಕೆಲಸ, ದರ ಇಳಿಸಿ ಸ್ಪಾಟ್ (ಒಂದೊಂದು ಬಿಡಿ ಜಾಹೀರಾತು) ಸಂಖ್ಯೆ ಏರಿಸೋದು. ಆಗ ಗಂಟೆಯಲ್ಲಿ ಜಾಹೀರಾತು ಉಬ್ಬುತ್ತೆ, ಕೇಳುಗ ಓಡ್ತಾನೆ, ಜಾಹೀರಾತುದಾರ ‘ಏನೂ ಉಪಯೋಗ ಆಗ್ಲಿಲ್ಲ’ ಅಂತಾನೆ, ದರ ಇನ್ನೂ ಇಳಿಯುತ್ತೆ. ಉಲ್ಟಾ ಮಾಡೋದೂ ಸುಲಭ ಅಲ್ಲ. ಅಮೆರಿಕದ ಅತಿ ದೊಡ್ಡ ರೇಡಿಯೊ ಕಂಪನಿ 2005ರಲ್ಲಿ ಜಾಹೀರಾತಿನ ನಿಮಿಷ ಕತ್ತರಿಸಿ, 60 ಸೆಕೆಂಡಿನ ಬದಲು 30 ಸೆಕೆಂಡಿನ ಸ್ಪಾಟ್ ಮಾರೋಕೆ ಹೊರಟಿತು. ಮೊದಲ ವರ್ಷ ವರಮಾನ ಬಿತ್ತು. ಖರೀದಿ ಮಾಡೋರಿಗೆ ಅಭ್ಯಾಸ ಬದಲಾಗಬೇಕಲ್ಲ. ಹಾಗಾಗಿ ಕತ್ತರಿಸೋದಾದ್ರೆ ಮೊದಲು ಬೆಳಗಿನ ಪಾಳಿಯಲ್ಲಿ ಮಾತ್ರ ಕತ್ತರಿಸಿ, ಅದರ ದರ ಏರಿಸಿ.

ಬ್ರೇಕ್ ಎಲ್ಲಿ ಹಾಕ್ತೀರಿ ಅನ್ನೋದೂ ನೋಡಿ. ಯಾವಾಗ ಏನು ಕೇಳಿದ್ರು ಅಂತ ಕೇಳುಗರಿಂದಲೇ ಡೈರಿ ಬರೆಸಿ ಅಳೆಯುವ ಕಡೆ ಒಂದು ಕಾಲುಗಂಟೆಯಲ್ಲಿ ಐದು ನಿಮಿಷ ಕೇಳಿದ್ರೆ ಇಡೀ ಕಾಲುಗಂಟೆ ಕೇಳಿದ ಲೆಕ್ಕ. ಅದಕ್ಕೇ ಹಳೇ ಕೈಗಳು ಗಂಟೆ, ಕಾಲು, ಅರ್ಧ, ಮುಕ್ಕಾಲರ ಗಡಿಯಲ್ಲಿ ಯಾವತ್ತೂ ಬ್ರೇಕ್ ಹಾಕ್ತಿರಲಿಲ್ಲ, ಹಾಡು ಓಡಿಸ್ತಿದ್ರು. ನಿಮ್ಮನ್ನ ಯಾರೂ ಅಳೆಯಲ್ಲ, ಸರಿ. ಆದರೆ ಜನ ಕೆಲಸ ಶುರು ಮಾಡೋದು, ಮನೆ ಬಿಡೋದು ಎಲ್ಲಾ ಆ ಗಡಿಗಳಲ್ಲೇ. ಆಗ ತಾನೇ ರೇಡಿಯೊ ಹಾಕಿದವನಿಗೆ ನಾಲ್ಕು ಸ್ಪಾಟ್ ಸಾಲಾಗಿ ಬಡಿದ್ರೆ ಕೂರ್ತಾನಾ?

ಕೊನೇದು. ಕಥಾವಾಚನ ನಿಲ್ಲಿಸೋ ಮುಂಚೆ ಅದನ್ನ ಮಾರೋಕೆ ಪ್ರಯತ್ನ ಮಾಡಿದ್ರಾ? ಬಿಡಿ ಸ್ಪಾಟ್ ಅಲ್ಲ, ಇಡೀ ಕಾರ್ಯಕ್ರಮದ ಪ್ರಾಯೋಜನೆ. ಕೇಳುಗರು ಕಡಿಮೆ ಇದ್ರೂ ಕಿವಿಗೊಟ್ಟು ಕೇಳೋರಿರೋ ಕಾರ್ಯಕ್ರಮಕ್ಕೆ ಒಬ್ಬ ಪ್ರಾಯೋಜಕ ಸಿಕ್ಕೇ ಸಿಗ್ತಾನೆ. ಸಿಗದಿದ್ರೆ ಆಗ ನಿಲ್ಲಿಸಿ.

ಬೆಳಗಿನಪಾಳಿ

ಪ್ರಯತ್ನ ಮಾಡಿಲ್ಲ. ಅದನ್ನ ಯಾರೂ ಕೇಳಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ವಿ.

ತಂತಿಕಂಬ ಸರ್, ನೀವು ಹೇಳಿದ ಹಾಗೆ ಎರಡು ದಿನ ಸುತ್ತಿದೆ. ಪೂರ್ವ, ಉತ್ತರ ಪರವಾಗಿಲ್ಲ. ಪಶ್ಚಿಮಕ್ಕೆ ಏಳು ಕಿಲೋಮೀಟರ್ ಹೋಗೋದ್ರೊಳಗೆ ಸುಯ್ ಅನ್ನೋ ಶಬ್ದ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಇನ್ನೊಂದು ವಿಚಿತ್ರ: ಹಾಡು ಬಂದಾಗ ಕಿರುಚುತ್ತೆ, ನಾನು ಮಾತಾಡಿದ್ರೆ ಬಾವಿಯೊಳಗಿಂದ ಮಾತಾಡಿದ ಹಾಗೆ. ಸ್ಟುಡಿಯೊದಲ್ಲಿ ಇದ್ಯಾವುದೂ ಕೇಳಿಸಲ್ಲ. ಮಾಪಕದಲ್ಲಿ ಪ್ರತಿಫಲಿತ ಪವರ್ ಕೆಂಪು ಗೆರೆ ಹತ್ತಿರ ಇದೆ.

ತಂತಿಕಂಬ

ಮೂರು ಕೆಲಸ. ಒಂದು, ಆಂಟೆನಾ ಬುಡದ ಕನೆಕ್ಟರ್ ಬಿಚ್ಚಿಸಿ. ಹಸಿರು ತುಕ್ಕು ಕಂಡ್ರೆ ಉಜ್ಜಬೇಡಿ, ಬದಲಾಯಿಸಿ. ಎರಡು, ಪ್ರೊಸೆಸರ್ (ಪ್ರಸಾರಕ್ಕೆ ಮುಂಚೆ ಸದ್ದಿನ ಮಟ್ಟ ಹದ ಮಾಡೋ ಯಂತ್ರ) ಸೆಟ್ಟಿಂಗ್ ಯಾರೋ ಕೆಡಿಸಿದ್ದಾರೆ, ಇಲ್ಲಾ ಬೈಪಾಸ್ ಆಗಿದೆ. ದನಿ ಮತ್ತು ಹಾಡಿನ ಮಟ್ಟ ಒಂದೇ ಸಮ ಬರೋ ಹಾಗೆ ಮಾಡಿಸಿ.

ಮೂರನೇದು ಕೇಳಿ ಎಲ್ಲರೂ ಮುಖ ಸಿಂಡರಿಸ್ತಾರೆ: ಸ್ಟೀರಿಯೊ ನಿಲ್ಲಿಸಿ, ಮೊನೊ ಮಾಡಿ, ಅಂದ್ರೆ ಎಡ-ಬಲ ಅಂತ ಬೇರೆ ಮಾಡದೆ ಒಂದೇ ಸದ್ದು ಕಳಿಸಿ. ಎಫ್‌ಎಂ ಸ್ಟೀರಿಯೊದಲ್ಲಿ ಎಡ-ಬಲದ ವ್ಯತ್ಯಾಸ ಹೊತ್ತು ಬರೋದು 38 ಕಿಲೋಹರ್ಟ್ಸ್ ಸುತ್ತಲಿನ ಭಾಗ. ಗದ್ದಲ ಹೆಚ್ಚೋದೂ ಅಲ್ಲೇ. ಹಾಗಾಗಿ ಸ್ಟೀರಿಯೊ ಶುದ್ಧವಾಗಿ ಕೇಳಬೇಕಂದ್ರೆ ಮೊನೊಗಿಂತ ಸುಮಾರು 20 ಡೆಸಿಬೆಲ್ ಹೆಚ್ಚು ಸಿಗ್ನಲ್ ಬೇಕು. ಅದನ್ನ ಪವರ್‌ನಲ್ಲಿ ತುಂಬಿಸೋಕೆ ಹೋದ್ರೆ ನೂರು ಪಟ್ಟು. ಪವರ್ ಎರಡು ಪಟ್ಟು ಮಾಡಿದ್ರೂ ಸಿಗೋದು 3 ಡೆಸಿಬೆಲ್, ಅಷ್ಟೇ. ಪೈಲಟ್ (ಇದು ಸ್ಟೀರಿಯೊ ಅಂತ ರೇಡಿಯೊಗೆ ತಿಳಿಸೋ ಸಂಕೇತ) ನಿಲ್ಲಿಸೋಕೆ ಏನೂ ಖರ್ಚಿಲ್ಲ, ಒಂದು ಸ್ವಿಚ್ಚು. ಅಂಚಿನ ಕೇಳುಗರ ರೇಡಿಯೊದಲ್ಲಿ ಸುಯ್ ಶಬ್ದ ಅದೇ ಕ್ಷಣ ಅಡಗುತ್ತೆ. ನಿಮ್ಮ ಕೇಳುಗರಲ್ಲಿ ಹೆಚ್ಚಿನವರ ರೇಡಿಯೊಗೆ ಇರೋದೇ ಒಂದು ಸ್ಪೀಕರ್.

ಪಟ್ಟಿಬಿಗಿ

ಹಾಡಿನ ಸ್ಟೇಷನ್ ಮೊನೊದಲ್ಲಾ! ಸರ್, ಇದಕ್ಕೆ ನನ್ನ ಮನಸ್ಸು ಒಪ್ಪಲ್ಲ.

ತಂತಿಕಂಬ

ಒಪ್ಪಬೇಕಾಗಿರೋದು ಪಶ್ಚಿಮದ ಏಳನೇ ಕಿಲೋಮೀಟರ್‌ನಲ್ಲಿರೋನ ಕಿವಿ.

ಲೆಕ್ಕದಪುಸ್ತಕ

ಇಂಥದ್ದೇ ಒಂದು ಸ್ಟೇಷನ್ನಿನ ಟ್ರಸ್ಟಿಯಾಗಿ ಆರು ವರ್ಷ ಇದ್ದೆ. ಮೇಜಿನ ಆಚೆ ಬದಿಯಿಂದ ನೋಡಿದ್ದನ್ನು ಹೇಳುತ್ತೇನೆ. ಅದರಲ್ಲಿ ನಮ್ಮ ತಪ್ಪೂ ಇದೆ.

ನಾಲ್ಕು ವರ್ಷಕ್ಕೆ ಮೂರು ಮ್ಯಾನೇಜರ್ ಎಂದರೆ ದೋಷ ಆ ಮೂವರಲ್ಲಿ ಮಾತ್ರ ಇರಲು ಸಾಧ್ಯವಿಲ್ಲ. ನಮ್ಮಲ್ಲಿ ಆಗುತ್ತಿದ್ದುದು ಹೀಗೆ: ಮ್ಯಾನೇಜರ್ ಒಂದು ತೀರ್ಮಾನ ಮಾಡುತ್ತಿದ್ದರು. ಯಾರೋ ಪರಿಚಯದವರು ಒಬ್ಬ ಟ್ರಸ್ಟಿಗೆ ಫೋನ್ ಮಾಡಿ ‘ಆ ಕಾರ್ಯಕ್ರಮ ಯಾಕೆ ತೆಗೆದಿರಿ’ ಎನ್ನುತ್ತಿದ್ದರು. ಟ್ರಸ್ಟಿ ನೇರವಾಗಿ ಉದ್ಘೋಷಕರಿಗೆ ಫೋನ್ ಮಾಡಿ ಹಾಕಿಸುತ್ತಿದ್ದರು. ಆ ಟ್ರಸ್ಟಿ ಎರಡು ಸಲ ನಾನೇ ಆಗಿದ್ದೆ. ಮ್ಯಾನೇಜರ್‌ಗೆ ಜವಾಬ್ದಾರಿ ಇತ್ತು, ಅಧಿಕಾರ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಸ್ತಾವದಲ್ಲಿ ಹಾಡಿನ ಬಗ್ಗೆ ಬರೆಯುವ ಮೊದಲು ಒಂದು ಪುಟ ಇದರ ಬಗ್ಗೆ ಇರಲಿ. ಗಂಟೆಯ ಗಡಿಯಾರವನ್ನು ಬದಲಿಸುವ ಹಕ್ಕು ಯಾರದು? ಒಬ್ಬರದೇ ಆಗಿರಬೇಕು. ಅವರು ಮ್ಯಾನೇಜರೇ ಆಗಬೇಕೆಂದಿಲ್ಲ. ಈಗಿನವರು ರೇಡಿಯೊದವರಲ್ಲ ಎನ್ನುತ್ತೀರಿ. ಹಣ, ಪರವಾನಗಿ, ಜನ ಅವರ ಕೈಯಲ್ಲಿರಲಿ. ಪ್ರಸಾರವಾಗುವ ಪ್ರತಿ ನಿಮಿಷದ ಹೊಣೆ ನಿಮ್ಮೊಳಗೇ ಒಬ್ಬರಿಗೆ ಬರಲಿ. ಒಮ್ಮೆ ಒಪ್ಪಿದ ಮೇಲೆ ಒಂದು ವರ್ಷ ಟ್ರಸ್ಟಿಗಳು ಬಾಯಿ ಹಾಕಬಾರದು, ಬರವಣಿಗೆಯಲ್ಲಿ.

ಇನ್ನೊಂದು, ಕೈಯಲ್ಲಿರುವ ಹಣ ಎಷ್ಟು ತಿಂಗಳ ವಿದ್ಯುತ್ ಮತ್ತು ಸಂಬಳಕ್ಕೆ ಸಾಲುತ್ತದೆ ಎಂದು ಕೇಳಿಕೊಳ್ಳಿ. ಮೂರು ತಿಂಗಳಿಗೆ ಮಾತ್ರ ಸಾಲುವುದಾದರೆ ವರ್ಷದ ಯೋಜನೆ ಬರೆದು ಪ್ರಯೋಜನವಿಲ್ಲ.

ಹಳೇಮೈಕು

ಲೆಕ್ಕದಪುಸ್ತಕದವರ ಮಾತಿಗೆ ನನ್ನದೂ ಒಂದು ಸಾಲು ಸೇರಿಸಿ. ಹೊಣೆ ಹೊತ್ತವರು ವಾರಕ್ಕೊಮ್ಮೆ ಪ್ರತಿ ಉದ್ಘೋಷಕರ ಜೊತೆ ಕೂತು ಏರ್‌ಚೆಕ್, ಅಂದರೆ ಅವರ ಪ್ರಸಾರದ ರೆಕಾರ್ಡಿಂಗ್, ಕೇಳಬೇಕು. ಹಾಡು ಕತ್ತರಿಸಿ, ಮಾತು ಮಾತ್ರ ಜೋಡಿಸಿದ ಹದಿನೈದು ನಿಮಿಷ. ನನ್ನ ಮೊದಲ ಏರ್‌ಚೆಕ್‌ನಲ್ಲಿ ನಾನು ‘ಅಂದಹಾಗೆ’ ಎಂಬ ಪದವನ್ನು ಹತ್ತೊಂಬತ್ತು ಸಲ ಬಳಸಿದ್ದೆ. ನನ್ನ ಅಧಿಕಾರಿ ಒಂದು ಮಾತೂ ಆಡಲಿಲ್ಲ, ಚೀಟಿಯ ಮೇಲೆ ಗೆರೆ ಎಳೆಯುತ್ತಾ ಹೋದರು. ಅವತ್ತಿನಿಂದ ಆ ಪದ ನನ್ನ ಬಾಯಿಗೆ ಬಂದಿಲ್ಲ.

ಮಧ್ಯಾಹ್ನದಕೇಳುಗಿ

ರಾತ್ರಿ ಕಂಪ್ಯೂಟರ್ ಹಾಕ್ತಾರೆ ಅಂದ್ರಲ್ಲ, ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ರಾತ್ರಿ ಮಳೆಗಾಳಿ ಜೋರಾಗಿ ಏನಾದ್ರೂ ಆದ್ರೆ ನಾವು ರೇಡಿಯೊ ಹಾಕ್ತೀವಿ. ಆಗ ಬರೀ ಹಾಡು ಬಂದ್ರೆ?

ತಂತಿಕಂಬ

ಒಳ್ಳೇ ಪ್ರಶ್ನೆ ಅಮ್ಮಾ. 2002ರ ಜನವರಿ 18ರಂದು ಮಧ್ಯರಾತ್ರಿ ಕಳೆದ ಮೇಲೆ ಅಮೆರಿಕದ ಮೈನಾಟ್ ಅನ್ನೋ ಊರಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ಸೋರಿತು. ಪೊಲೀಸರು ಸ್ಟೇಷನ್‌ಗೆ ಫೋನ್ ಮಾಡಿದ್ರೆ ಎತ್ತೋರು ಸಿಗಲಿಲ್ಲ ಅಂತ ದೊಡ್ಡ ಗಲಾಟೆ ಆಯ್ತು. ತಪ್ಪು ಯಂತ್ರದ್ದೋ, ಸ್ಟೇಷನ್‌ನದ್ದೋ, ಪೊಲೀಸರದ್ದೋ ಅಂತ ಆಮೇಲೂ ವಾದ ನಡೀತಾನೇ ಇತ್ತು. ಅದೇನೇ ಇರಲಿ, ಆ ಹೊತ್ತಲ್ಲಿ ಜನಕ್ಕೆ ಕೇಳಬೇಕಿದ್ದದ್ದು ಕೇಳಿಸಲಿಲ್ಲ.

ಕಂಪ್ಯೂಟರ್ ಬೇಡ ಅನ್ನಲ್ಲ. ರಾತ್ರಿ ಮೂರು ಗಂಟೆಗೆ ಒಬ್ಬನ ನಿದ್ದೆಗೆಡಿಸಿ ಹಾಡು ಹಾಕಿಸೋದರಲ್ಲಿ ಪುಣ್ಯ ಏನೂ ಇಲ್ಲ. ಆದರೆ ಮೂವತ್ತು ಸೆಕೆಂಡ್ ಸದ್ದು ನಿಂತ್ರೆ ಫೋನಿಗೆ ಕರೆ ಹೋಗೋ ಸೈಲೆನ್ಸ್ ಡಿಟೆಕ್ಟರ್ ಬೇಕು. ಹೊರಗಿನಿಂದ ಫೋನ್ ಮಾಡಿ ನೇರ ಪ್ರಸಾರಕ್ಕೆ ಹೋಗೋ ದಾರಿ ಬೇಕು. ಆ ವಾರದ ಸರದಿ ಯಾರದ್ದು ಅನ್ನೋದು ಪೊಲೀಸ್, ಅಗ್ನಿಶಾಮಕ ಎರಡೂ ಕಡೆ ಬರೆದಿರಬೇಕು. ವರ್ಷಕ್ಕೆರಡು ಸಲ ರಾತ್ರಿ ಎರಡಕ್ಕೆ ಸುಮ್ಮನೆ ಪರೀಕ್ಷೆ ಮಾಡಿ. ಮೊದಲನೇ ಸಲ ಫೇಲ್ ಆಗುತ್ತೆ, ಬರೆದಿಟ್ಕೊಳ್ಳಿ.

ಪಟ್ಟಿಬಿಗಿ

ರಾತ್ರಿಯ ಲಿಂಕ್‌ಗಳನ್ನ (ಹಾಡುಗಳ ನಡುವಿನ ಮಾತು) ಅದೇ ದಿನ ಸಂಜೆ ನಿಮ್ಮೋರೇ ರೆಕಾರ್ಡ್ ಮಾಡಲಿ. ಇಪ್ಪತ್ತು ನಿಮಿಷದ ಕೆಲಸ. ದೂರದ ಊರಲ್ಲಿ ಕೂತವನ ದನಿ ಬಾಡಿಗೆಗೆ ತರಬೇಡಿ, ಅವನು ನಿಮ್ಮೂರಿನ ರಸ್ತೆ ಹೆಸರು ತಪ್ಪಾಗಿ ಹೇಳಿದ ದಿನ ಮಾನ ಹೋಗುತ್ತೆ.

ಸ್ಪಾಟ್‌ಮಾರುವವ

ಕಥೆ ಕಾರ್ಯಕ್ರಮಕ್ಕೆ ಪ್ರಾಯೋಜಕ ಹುಡುಕುವಾಗ ಒಂದು ಉಪಾಯ: ‘ಇದು ನಿಲ್ಲಬಹುದು, ನಿಮಗೆ ಬೇಕಾ’ ಅಂತ ಎರಡು ವಾರ ಪ್ರಸಾರದಲ್ಲೇ ಕೇಳಿ. 2010ರಲ್ಲಿ ಬಿಬಿಸಿ ತನ್ನ 6 ಮ್ಯೂಸಿಕ್ ಚಾನೆಲ್ ಮುಚ್ಚೋ ಪ್ರಸ್ತಾವ ಮುಂದಿಟ್ಟಿತು, ಕೇಳೋರು ಕಡಿಮೆ ಅಂತ. ಜನ ದಂಗೆ ಎದ್ದ ಹಾಗೆ ಎದ್ದರು. ಆ ಗದ್ದಲದಲ್ಲೇ ಗೊತ್ತಿಲ್ಲದವರಿಗೂ ಚಾನೆಲ್ ಪರಿಚಯ ಆಗಿ ಕೇಳುಗರು ಹತ್ತು ಲಕ್ಷ ದಾಟಿದ್ರು, ಜುಲೈನಲ್ಲಿ ಬಿಬಿಸಿ ಟ್ರಸ್ಟ್ ಪ್ರಸ್ತಾವ ತಳ್ಳಿಹಾಕ್ತು. ಆದರೆ ಇದು ಒಂದೇ ಸಲ ನಡೆಯೋ ಆಟ. ವರ್ಷ ವರ್ಷ ‘ನಿಲ್ಲಿಸ್ತೀವಿ’ ಅಂದ್ರೆ ‘ನಿಲ್ಲಿಸಿ’ ಅಂತಾರೆ.

ಬೆಳಗಿನಪಾಳಿ

*(ಏಳು ತಿಂಗಳ ನಂತರ)*

ಇಷ್ಟೆಲ್ಲ ಹೇಳಿಕೊಟ್ಟವರಿಗೆ ಏನಾಯ್ತು ಅಂತ ತಿಳಿಸದೆ ಇದ್ದೆ, ಕ್ಷಮಿಸಿ.

ಸಭೆಗೆ ಹೋಗುವಾಗ ಪ್ರಸ್ತಾವದ ಜೊತೆ ಪಶ್ಚಿಮ ದಿಕ್ಕಿನಲ್ಲಿ ರೆಕಾರ್ಡ್ ಮಾಡಿದ ಎರಡು ನಿಮಿಷದ ಸುಯ್ ಶಬ್ದ ಕೇಳಿಸಿದೆ. ಹಾಡಿನ ಬಗ್ಗೆ ಜಗಳಕ್ಕೆ ಸಿದ್ಧವಾಗಿ ಬಂದಿದ್ದವರು ಸುಮ್ಮನಾದ್ರು. ಹೊಸ ಮ್ಯಾನೇಜರೇ ಮೊದಲು ಮಾತಾಡಿದ್ದು: ‘ಇದನ್ನ ಸರಿ ಮಾಡೋಕೆ ಮುಂಚೆ ನಾನು ಜನರನ್ನ ಕಡಿಮೆ ಮಾಡೋಕೆ ಹೊರಟಿದ್ದೆನಲ್ಲ.’ ಅವರ ಬಗ್ಗೆ ನನ್ನ ಅಭಿಪ್ರಾಯ ಅವತ್ತು ಬದಲಾಯ್ತು.

ಒಂದು ವರ್ಷದ ಮಾತು ಬರವಣಿಗೆಯಲ್ಲಿ ಸಿಕ್ಕಿದೆ. ಗಡಿಯಾರದ ಹೊಣೆ ನನಗೆ ಕೊಟ್ಟರು, ಮೊದಲ ತಿಂಗಳು ನನ್ನ ಸಹೋದ್ಯೋಗಿಗಳೇ ನನ್ನ ಜೊತೆ ಮಾತು ಬಿಟ್ಟಿದ್ರು. ಮೊನೊ ಮಾಡಿದ್ವಿ. ಒಬ್ಬರೇ ಒಬ್ಬರು ಕೇಳುಗರು ಗುರುತು ಹಿಡಿದು ಫೋನ್ ಮಾಡಿದ್ರು. ಬೆಳಿಗ್ಗೆ ಬ್ರೇಕ್ ಕಡಿಮೆ ಮಾಡಿದ್ವಿ, ಹಳೇ ಜಾಹೀರಾತುದಾರರಲ್ಲಿ ಇಬ್ಬರು ವಾಪಸ್ ಬಂದ್ರು, ದರ ಏರಿಸಿದ್ದಕ್ಕೆ ಒಬ್ಬರು ಬಿಟ್ಟು ಹೋದ್ರು. ಕಥಾವಾಚನಕ್ಕೆ ಪ್ರಾಯೋಜಕರು ಮೂರನೇ ವಾರದಲ್ಲೇ ಸಿಕ್ಕರು. ಅದರ ಕೇಳುಗರಲ್ಲೇ ಒಬ್ಬರು.

ಎಲ್ಲಾ ಗೆದ್ದಿಲ್ಲ. ಸಂಜೆಯ ಫೋನ್-ಇನ್ ಅರ್ಧ ಗಂಟೆಗೆ ಇಳಿದಿದೆ. ರಾತ್ರಿ ಪಾಳಿಯ ಹುಡುಗ ಕೆಲಸ ಬಿಟ್ಟ, ಅವನ ಜಾಗ ತುಂಬಿಸಲ್ಲ ಅಂದಿದ್ದಾರೆ. ರಾತ್ರಿ ಎರಡರ ಪರೀಕ್ಷೆ ಮೊದಲ ಸಲ ಫೇಲ್ ಆಯ್ತು, ತಂತಿಕಂಬ ಸರ್ ಹೇಳಿದ ಹಾಗೇ. ಸರದಿ ನನ್ನದೇ ಇತ್ತು, ಫೋನ್ ಸೈಲೆಂಟ್‌ನಲ್ಲಿಟ್ಟು ಮಲಗಿದ್ದೆ.

ಹವಾಮಾನ ಈಗ ದಿನಾ ಏಳು ಇಪ್ಪತ್ತಕ್ಕೆ. ಕಳೆದ ವಾರ ಒಂದು ದಿನ ನಾನು ಹರಟೆಗೆ ಬಿದ್ದು ಏಳು ಇಪ್ಪತ್ತೆರಡು ಮಾಡಿದೆ. ಹಾಡು ಮುಗಿಯೋದರೊಳಗೆ ನಾಲ್ಕೂ ಲೈನ್ ಮಿನುಗ್ತಿತ್ತು. ಎಲ್ಲರೂ ಬೈಯೋಕೆ. ನಮ್ಮ ಹಳೇ ಉದ್ಘೋಷಕರ ಅಕ್ಕನಿಗೆ ಲೈನೇ ಸಿಗಲಿಲ್ಲವಂತೆ.

ತಂತಿಕಂಬ

ಅದಿರಲಿ. ಹೊಸ ಕನೆಕ್ಟರ್ ಮೇಲೆ ರಬ್ಬರ್ ಟೇಪ್ ಸುತ್ತಿಸಿದ್ರಾ ಇಲ್ವಾ?

ಬೆಳಗಿನಪಾಳಿ

ಸುತ್ತಿಸಿದ್ದೀನಿ ಸರ್, ಎರಡು ಪದರ. ಮೀಟರ್ ಪುಸ್ತಕದಲ್ಲೂ ಬರೆದಿದ್ದೀನಿ.